ಪ್ಯಾನ್‌ಕೇಕ್ ಡಬ್ಬದ ಮೇಲಿದ್ದ ಹೆಂಗಸು

ಷಿಕಾಗೊ, 1893 ಎಂದರೆ ನಮ್ಮವರಿಗೆಲ್ಲ ನೆನಪಾಗುವುದು ವಿವೇಕಾನಂದರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸನ್ಯಾಸಿ ಮರುವರ್ಷ ಇಲ್ಲಿಗೆ ಬಂದು ಮಾತಾಡಿದ ಕಥೆ ನಮಗೆಲ್ಲ ಗೊತ್ತು. ಆ ಸರ್ವಧರ್ಮ ಸಮ್ಮೇಳನ ನಡೆದದ್ದು ಒಂದು ದೊಡ್ಡ ವಿಶ್ವಮೇಳದ ಅಂಗವಾಗಿ. ಅದೇ ಮೇಳದಲ್ಲಿ ನ್ಯಾನ್ಸಿ ಗ್ರೀನ್ ಎಂಬ ಅರವತ್ತರ ಹತ್ತಿರದ ಹೆಂಗಸು ಪ್ಯಾನ್‌ಕೇಕ್ ಹುಯ್ದು ಜನರಿಗೆ ಕೊಡುತ್ತಿದ್ದರು. ಆಕೆ ಹುಟ್ಟಿದ್ದು ಕೆಂಟಕಿ ರಾಜ್ಯದಲ್ಲಿ, ಗುಲಾಮಳಾಗಿ. ಈ ಊರಲ್ಲಿ ಇರುವ ಕನ್ನಡತಿಯಾಗಿ ನನಗೆ ಈಗೀಗ ಇಬ್ಬರೂ ಒಟ್ಟಿಗೇ ನೆನಪಾಗುತ್ತಾರೆ.

ಆಕೆಯನ್ನು ಅಲ್ಲಿ ನಿಲ್ಲಿಸಿದ್ದು ‘ಆಂಟ್ ಜೆಮೈಮಾ’ ಪ್ಯಾನ್‌ಕೇಕ್ ಹಿಟ್ಟು ಮಾರುವ ಕಂಪನಿ. ಆ ಹೆಸರು ಹುಟ್ಟಿದ್ದು 1889ರಲ್ಲಿ, ಮಿಸೂರಿಯ ಸೇಂಟ್ ಜೋಸೆಫ್‌ನಲ್ಲಿ. ಗಿರಣಿಯ ಮಾಲೀಕರಲ್ಲಿ ಒಬ್ಬರಾದ ಕ್ರಿಸ್ ರಟ್ ಮಿನ್‌ಸ್ಟ್ರೆಲ್ ಆಟ ನೋಡಲು ಹೋಗಿದ್ದರು. ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಹಾಡು ಕುಣಿತ ಅದು. ಅಲ್ಲಿ ಕೇಳಿದ ಒಂದು ಹಾಡಿನಿಂದ ಈ ಹೆಸರು ತೆಗೆದುಕೊಂಡರು. ಅಂದರೆ ಅಣಕ ಮೊದಲು ಬಂತು, ಬ್ರ್ಯಾಂಡ್ ಆಮೇಲೆ. ‘ಆಂಟ್’ ಎಂದಿರುವುದನ್ನು ನೋಡಿ ಅಕ್ಕರೆಯ ಮಾತು ಅಂದುಕೊಳ್ಳಬೇಡಿ. ವಯಸ್ಸಾದ ಕಪ್ಪು ಜನರಿಗೆ ಮಿಸ್ಟರ್, ಮಿಸೆಸ್ ಎನ್ನುವ ಗೌರವ ಕೊಡಲು ಮನಸ್ಸಿಲ್ಲದ ದಕ್ಷಿಣದ ಬಿಳಿಯರು ಅವರನ್ನು ಹಾಗೆ ಕರೆಯುತ್ತಿದ್ದರು. ‘ಅಂಕಲ್ ಬೆನ್ಸ್’ ಅಕ್ಕಿಯ ಹೆಸರೂ ಅದೇ ಸಾಲಿನದು.

ಗುಲಾಮಗಿರಿ ಮುಗಿದು ಆಗಿನ್ನೂ ಮೂವತ್ತು ವರ್ಷವಾಗಿರಲಿಲ್ಲ. ದೊರೆಯ ತೋಟದ ಮನೆಯಲ್ಲಿ ನಗುನಗುತ್ತಾ ಅಡುಗೆ ಮಾಡಿಕೊಂಡಿದ್ದ ಹೆಂಗಸು ಎಂದು ಜಾಹೀರಾತಿನವರು ಜೆಮೈಮಾಗೆ ಒಂದು ಕಥೆ ಕಟ್ಟಿದರು. ಗುಲಾಮಳಾಗಿ ಹುಟ್ಟಿದವರ ಬಾಯಲ್ಲೇ ಆ ಸುಳ್ಳನ್ನು ಹೇಳಿಸಿದರು. ನನಗೆ ಸಹಿಸಲಾಗದ್ದು ಇದು. ತಲೆಗೆ ಬಟ್ಟೆ ಕಟ್ಟಿಕೊಂಡು ನಗುವ ಆ ಮುಖ ಲಕ್ಷಾಂತರ ಅಡುಗೆಮನೆ ಸೇರಿತು. ನ್ಯಾನ್ಸಿ ಗ್ರೀನ್ 1923ರಲ್ಲಿ ಇದೇ ಷಿಕಾಗೊದಲ್ಲಿ ಕಾರು ಬಡಿದು ತೀರಿಕೊಂಡರು. ಓಕ್ ವುಡ್ಸ್ ಸ್ಮಶಾನದಲ್ಲಿ ಅವರ ಸಮಾಧಿಗೆ ಹೆಸರಿನ ಕಲ್ಲು ಕೂಡ ಇರಲಿಲ್ಲ. ಬ್ರಾನ್ಸ್‌ವಿಲ್ ಹಿಸ್ಟಾರಿಕಲ್ ಸೊಸೈಟಿಯವರ ಓಡಾಟದಿಂದ 2020ರಲ್ಲಿ ಒಂದು ಕಲ್ಲು ಬಂತು.

ಡಬ್ಬದ ಚಿತ್ರವನ್ನು ಕಂಪನಿ ಆಗಾಗ ತಿದ್ದುತ್ತಲೇ ಇತ್ತು. 1989ರಲ್ಲಿ ತಲೆಯ ಬಟ್ಟೆ ಹೋಗಿ ಕಿವಿಗೆ ಮುತ್ತಿನ ಓಲೆ ಬಂತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ನಂತರ ದೇಶವೇ ಬೀದಿಗಿಳಿದಾಗ ಹೆಸರು, ಮುಖ ಎರಡನ್ನೂ ಬಿಡುತ್ತೇವೆ ಎಂದರು. ಈಗ ಅದು ‘ಪರ್ಲ್ ಮಿಲ್ಲಿಂಗ್ ಕಂಪನಿ’. ಅಕ್ಕಿ ‘ಬೆನ್ಸ್ ಒರಿಜಿನಲ್’ ಆಯಿತು. ಆದರೆ ಎಲ್ಲರೂ ಖುಷಿಪಡಲಿಲ್ಲ. ನ್ಯಾನ್ಸಿ ಗ್ರೀನ್ ಅವರ ನಂತರ ಇದೇ ಜೆಮೈಮಾ ಪಾತ್ರ ಮಾಡಿದ ಟೆಕ್ಸಸ್‌ನ ಲಿಲಿಯನ್ ರಿಚರ್ಡ್ ಅವರ ಬಂಧುಗಳಿಗೆ ಬೇಸರವಾಯಿತು. ದುಡಿದ ಹೆಣ್ಣಿನ ಚರಿತ್ರೆಯೇ ಅಳಿಸಿಹೋಗುತ್ತದೆ ಎಂದು. ಅವರ ಮಾತಿನಲ್ಲಿ ನ್ಯಾಯವಿದೆ ಅನ್ನಿಸುತ್ತದೆ. ಚಿತ್ರ ತೆಗೆದದ್ದು ಸರಿ, ಆದರೆ ಆ ಜಾಗದಲ್ಲಿ ದುಡಿದವರ ಹೆಸರನ್ನಾದರೂ ಹಾಕಬಹುದಿತ್ತು.

ಆ ಮುಖಕ್ಕೆ ತಕ್ಕ ಉತ್ತರ ಕಂಪನಿಯಿಂದ ಬರುವ ಎಷ್ಟೋ ಮೊದಲೇ ಒಬ್ಬ ಕಲಾವಿದೆಯಿಂದ ಬಂದಿತ್ತು. ಕ್ಯಾಲಿಫೋರ್ನಿಯಾದ ಬೆಟ್ಟಿ ಸಾರ್ 1972ರಲ್ಲಿ ಒಂದು ಸಣ್ಣ ಪೆಟ್ಟಿಗೆ ಮಾಡಿದರು. ಎತ್ತರ ಒಂದು ಅಡಿಯೂ ಇಲ್ಲ. ಹಿಂದೆ ಸಾಲುಸಾಲಾಗಿ ಡಬ್ಬದ ಜೆಮೈಮಾ ಮುಖಗಳು. ಮುಂದೆ ಅದೇ ದಪ್ಪ, ಅದೇ ನಗುವಿನ ಗೊಂಬೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಬಂದೂಕು! ಅಂಗಡಿಗಳಲ್ಲಿ ಮಾರುತ್ತಿದ್ದ ಇಂಥ ಗೊಂಬೆಯನ್ನೇ ತಂದು ಅದರ ಕೈಗೆ ಆಯುಧ ಕೊಟ್ಟಿದ್ದರು ಸಾರ್. ಈಗ ಅದು ಬರ್ಕ್ಲಿಯ ಮ್ಯೂಸಿಯಂನಲ್ಲಿದೆ. ಯಾರನ್ನು ಅಣಕಿಸಿದರೋ ಅವರೇ ಅಣಕವನ್ನು ಕೈಗೆತ್ತಿಕೊಂಡರೆ ಎಷ್ಟು ಕಸುವು ಬರುತ್ತದೆ ನೋಡಿ.

ಇನ್ನು ನಮ್ಮ ವಿಷಯ. 2012ರಲ್ಲಿ ಪಾಪ್‌ಚಿಪ್ಸ್ ಎಂಬ ಚಿಪ್ಸ್ ಕಂಪನಿ ಒಂದು ಜಾಹೀರಾತು ಮಾಡಿತು. ನಟ ಆಷ್ಟನ್ ಕುಚರ್ ಮುಖಕ್ಕೆ ಕಂದು ಬಣ್ಣ ಬಳಿದು, ಮೀಸೆ ಇಟ್ಟು, ರಾಜ್ ಎಂಬ ಬಾಲಿವುಡ್ ನಿರ್ಮಾಪಕನಾಗಿ ಎಳೆದೆಳೆದು ಇಂಗ್ಲಿಷ್ ಮಾತಾಡಿದ್ದರು. ಮಸಿಯ ಬದಲು ಕಂದು ಬಣ್ಣ, ಅಷ್ಟೇ ವ್ಯತ್ಯಾಸ. ಇಲ್ಲಿನ ಭಾರತೀಯರು ಜೋರಾಗಿಯೇ ಪ್ರಶ್ನಿಸಿದರು, ಕಂಪನಿ ಕ್ಷಮೆ ಕೇಳಿ ಅದನ್ನು ತೆಗೆಯಿತು. ಅದಕ್ಕೂ ಮುಂಚೆ, 2007ರಲ್ಲಿ, ‘ಸಿಂಪ್ಸನ್ಸ್’ ಕಾರ್ಟೂನಿನ ಸಿನಿಮಾ ಬಂದಾಗ ಸೆವೆನ್ ಇಲೆವೆನ್‌ನವರು ತಮ್ಮ ಕೆಲವು ಅಂಗಡಿಗಳನ್ನು ಅದರಲ್ಲಿ ಬರುವ ಅಪ್ಪು ಎಂಬ ಭಾರತೀಯ ಪಾತ್ರದ ಅಂಗಡಿಯಂತೆ ಅಲಂಕರಿಸಿದ್ದರು. ಆ ಕಂಪನಿಯ ಎಷ್ಟೋ ಅಂಗಡಿಗಳನ್ನು ನಡೆಸುವವರು ನಮ್ಮ ಕಡೆಯವರೇ. ಅಪ್ಪುವಿಗೆ ದನಿ ಕೊಡುತ್ತಿದ್ದವರು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ. ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಈ ಪಾತ್ರದ ಬಗ್ಗೆಯೇ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜಾರಿಯಾ ಆ ದನಿ ಬಿಟ್ಟರು.

ಇಲ್ಲಿನ ನಮ್ಮ ಹಿರಿಯರಲ್ಲಿ ಕೆಲವರು, “ಅಯ್ಯೋ, ಕಾರ್ಟೂನ್ ಅಲ್ವಾ, ಸುಮ್ನೆ ನಕ್ಕು ಬಿಡಬೇಕಪ್ಪಾ” ಎನ್ನುತ್ತಾರೆ. ಅವರು ಓದು ಮುಗಿಸಿ, ಕೆಲಸ ಹಿಡಿದು ಬಂದವರು. ಇಲ್ಲೇ ಹುಟ್ಟಿ ಬೆಳೆದ ಹುಡುಗರನ್ನು ಕೇಳಿ. ಸಹಪಾಠಿಗಳು ಅಪ್ಪುವಿನ ದನಿ ತೆಗೆದು ಕರೆದದ್ದನ್ನು, ಅಮ್ಮ ಅಪ್ಪನ ಉಚ್ಚಾರಣೆಯನ್ನು ಆಡಿಕೊಂಡದ್ದನ್ನು ಅವರು ಇನ್ನೂ ಮರೆತಿಲ್ಲ. ಈ ವಿಷಯದಲ್ಲಿ ನಾನು ಆ ಹುಡುಗರ ಮಾತನ್ನೇ ನಂಬುತ್ತೇನೆ.