ನೋಯ್ಲಿ ಬಿಡಲೇ, ಗಟ್ಟಿ ಆಗ್ತೈತೆ

ಕಳೆದ ಭಾನುವಾರ ಚಿತ್ರದುರ್ಗದ ಒಂದು ಕರಾಟೆ ಕ್ಲಾಸಿನಲ್ಲಿ 11-12 ವಯಸ್ಸಿನ ಹುಡುಗನೊಬ್ಬ ಡಕ್ ವಾಕ್, ಅಂದರೆ ಕುಕ್ಕರುಗಾಲಲ್ಲಿ ಕೂತೇ ನಡೆಯುವುದು, ಮಾಡುತ್ತಾ ಅರ್ಧಕ್ಕೆ ಎದ್ದು ನಿಂತ. “ಸರ್, ಮೊಣಕಾಲು ನೋಯ್ತೈತೆ.”

“ನೋಯ್ಲಿ ಬಿಡಲೇ, ಗಟ್ಟಿ ಆಗ್ತೈತೆ” ಅಂದರು ಮಾಸ್ಟರ್.

ಹುಡುಗ ತೆಪ್ಪಗೆ ಮತ್ತೆ ಕುಕ್ಕರುಗಾಲಲ್ಲಿ ಕೂತ. “ಹಂಗೇ ಬಿಗಿ ಮಾಡ್ರಿ ಸರ್, ಮನೇಲಿ ನಮ್ಮ ಮಾತೇ ಕೇಳಲ್ಲ” ಅಂತ ಅವನಮ್ಮ ಬೇರೆ. ವಾರವಾದರೂ ಮಾಸ್ಟರ್ ಅಂದ ಆ ಮಾತು ನನ್ನ ತಲೆ ಬಿಟ್ಟು ಹೋಗಿಲ್ಲ.

ಅವನು ಕೈಯಿಟ್ಟು ತೋರಿಸಿದ್ದು ಚಿಪ್ಪಿನ ಮೇಲಲ್ಲ. ಚಿಪ್ಪಿನಿಂದ ಎರಡು ಬೆರಳು ಕೆಳಗೆ, ಮೂಳೆ ಸ್ವಲ್ಪ ಉಬ್ಬಿರುವ ಕಡೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಬಂದು ಕಚ್ಚಿಕೊಳ್ಳುವುದು ಅಲ್ಲೇ. 10ರಿಂದ 15ರ ವಯಸ್ಸಿನಲ್ಲಿ ಆ ಜಾಗ ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ. ಪ್ರತಿ ಜಿಗಿತ, ಪ್ರತಿ ಕಿಕ್, ಪ್ರತಿ ಕುಕ್ಕರುಗಾಲು ಅದನ್ನು ಜಗ್ಗುತ್ತದೆ. ಹೀಗೆ ಜಗ್ಗಿ ಜಗ್ಗಿ ಬರುವ ನೋವಿಗೆ ಡಾಕ್ಟರುಗಳು ಆಸ್‌ಗುಡ್-ಶ್ಲಾಟರ್ ಅನ್ನುತ್ತಾರೆ. ಅವನಿಗಿರುವುದು ಅದೇನಾ ಅಂತ ಡಾಕ್ಟರೇ ನೋಡಿ ಹೇಳಬೇಕು. ಅದೇ ಆಗಿದ್ದರೆ ಹೆದರುವಂಥದ್ದೇನಲ್ಲ, ಆದರೆ ಜಗ್ಗಿದಷ್ಟೂ ಕೆರಳುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಕೆಲವು ವಾರ ಡಕ್ ವಾಕ್, ಜಿಗಿತ ಬಿಡಬೇಕು. ಪಂಚ್, ಬ್ಲಾಕ್, ನೋಯದ ಮಟ್ಟಿಗೆ ಕಟಾ (ಒಬ್ಬರೇ ಕ್ರಮವಾಗಿ ಮಾಡುವ ಪಟ್ಟುಗಳ ಸರಣಿ) ಮಾಡಬಹುದು, ಕ್ಲಾಸು ತಪ್ಪಿಸಬೇಕಿಲ್ಲ. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಟ್ಟರೆ ಸಾಕು.

ಮಾಸ್ಟರ್ ಕೆಟ್ಟವರೇನಲ್ಲ. ಅವರೂ ಹೀಗೇ ಬೈಸಿಕೊಂಡು ಕಲಿತವರಿರಬೇಕು. ಆದರೆ ಮಕ್ಕಳಿಗೆ ಕಲಿಸುವವರಿಗೆ ದಣಿವಿನ ನೋವು ಯಾವುದು, ಪೆಟ್ಟಿನ ನೋವು ಯಾವುದು ಅಂತ ಗೊತ್ತಿರಲೇಬೇಕು. ದಣಿವಿನದು ಸಾಮಾನ್ಯವಾಗಿ ಎರಡೂ ಕಾಲಿಗೆ, ಮಾಂಸಖಂಡಕ್ಕೆ, ಮರುದಿನ ಬರುತ್ತದೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಬೆರಳಿಟ್ಟು ತೋರಿಸುವಂತೆ ಒಂದೇ ಕಡೆ, ಕೀಲಿನ ಹತ್ತಿರ, ಮಾಡುತ್ತಿರುವಾಗಲೇ ನೋವಾದರೆ ಅಲ್ಲಿಗೇ ನಿಲ್ಲಿಸಬೇಕು. ಮಗು ಕುಂಟುತ್ತಿದ್ದರಂತೂ ಕೇಳುವುದೇ ಬೇಡ.

ಮೊಣಕಾಲು ಕೆಡುವುದಕ್ಕೆ ಇನ್ನೊಂದು ಕಾರಣ ರೌಂಡ್‌ಹೌಸ್ ಕಿಕ್, ಅಂದರೆ ಸೊಂಟ ತಿರುಗಿಸಿ ಪಕ್ಕದಿಂದ ಬೀಸಿ ಒದೆಯುವುದು. ಎಲ್ಲರೂ ಒದೆಯುವ ಕಾಲನ್ನೇ ನೋಡುತ್ತಾರೆ, ಕೆಡುವುದು ನಿಂತ ಕಾಲು. ಸೊಂಟ ತಿರುಗುವಾಗ ನಿಂತ ಕಾಲಿನ ಹಿಮ್ಮಡಿಯೂ ತಿರುಗಿ ಗುರಿಯ ಕಡೆ ಬರಬೇಕು. ಪಾದ ನೆಲಕ್ಕೆ ಅಂಟಿಕೊಂಡೇ ಉಳಿದರೆ ಆ ತಿರುವೆಲ್ಲ ಮೊಣಕಾಲ ಮೇಲೆ ಬೀಳುತ್ತದೆ. ಮೊದಲು ಗೋಡೆ ಹಿಡಿದು ಬರೀ ಪಾದ ತಿರುಗಿಸುವುದನ್ನು ಕಲಿಸಿ, ಆಮೇಲೆ ಸೊಂಟದ ಮಟ್ಟಕ್ಕೆ ಒದೆಸಬೇಕು. ತಲೆಯೆತ್ತರದ ಕಿಕ್ ಫೋಟೋಗೆ ಚೆನ್ನ, ಸೇರಿ ಆರು ತಿಂಗಳಾದ ಹುಡುಗರಿಗೆ ಬೇಡ. ನೆಲದ ಮಾತೂ ಇದೆ. ಎಷ್ಟೋ ಕ್ಲಾಸು ನಡೆಯುವುದು ಬರೀ ಸಿಮೆಂಟಿನ ಮೇಲೆ. ಕರಾಟೆಗೆ 20-25 ಮಿಲಿಮೀಟರ್ ದಪ್ಪದ ಮ್ಯಾಟ್ ಬೇಕು. ಎತ್ತಿ ಹಾಕುವ ಜೂಡೋದಂಥದ್ದಕ್ಕೆ 40. ಮ್ಯಾಟಿನ ಸಂದಿಗೆ ಕಾಲ್ಬೆರಳು ಸಿಗುವಂತಿದ್ದರೆ ಅದೂ ಅಪಾಯವೇ.

ಸ್ಪ್ಲಿಟ್ (ಎರಡೂ ಕಾಲು ಅಗಲಕ್ಕೆ ಚಾಚಿ ನೆಲಕ್ಕೆ ಕೂರುವುದು) ಮಾಡಿಸುವಾಗ ಬೆನ್ನ ಮೇಲೆ ಕೂತು ಒತ್ತುವುದನ್ನಂತೂ ಯಾರೂ ಒಪ್ಪಬಾರದು. ತೊಡೆಯ ಹಿಂಭಾಗದ ಸ್ನಾಯು ಕುಂಡಿಯ ಮೂಳೆಗೆ ಸೇರುವಲ್ಲಿ ಹರಿದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಶುರುವಿನಲ್ಲಿ 10-15 ನಿಮಿಷ ಮೈ ಬಿಸಿ ಮಾಡುವ ಓಟ, ಕೈಕಾಲು ಬೀಸುವುದು. ಬಗ್ಗಿ ಹಿಡಿದು ನಿಲ್ಲುವುದೆಲ್ಲ ಕೊನೆಗೆ. ಕಾಲು ಉಳುಕಿದರೆ ತಕ್ಷಣ ಬಿಸಿ ಎಣ್ಣೆ ಹಾಕಿ ನೀವುವುದು ನಮ್ಮ ಕಡೆ ರೂಢಿ. ಮೊದಲ ಎರಡು ದಿನ ಅದರಿಂದ ಊತ ಹೆಚ್ಚುತ್ತದೆ. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ ಎಕ್ಸ್‌ರೇ ಆಗಬೇಕು. ತಲೆಗೆ ಪೆಟ್ಟು ಬಿದ್ದು ಮಂಕಾದರೆ ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಿತು. ವಾಂತಿಯಾದರೆ ನೇರ ಆಸ್ಪತ್ರೆಗೆ.

ಪರೀಕ್ಷೆಗೊಂದು ಬೆಲ್ಟು, ಬೆಲ್ಟಿಗೊಂದು ಫೀಸು ಅನ್ನುವ ವ್ಯಾಪಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೇರಿಸುವ ಮೊದಲೇ ತಿಂಗಳ ಫೀಸು, ಪರೀಕ್ಷೆ ಫೀಸು, ಯೂನಿಫಾರ್ಮು, ಗಾರ್ಡು, ಟೂರ್ನಮೆಂಟು ಎಲ್ಲ ಸೇರಿ ವರ್ಷಕ್ಕೆಷ್ಟು ಅಂತ ಬರೆಸಿಕೊಳ್ಳಿ.

ಹೆಣ್ಣುಮಕ್ಕಳಿಗೆ ಮೂರು ತಿಂಗಳು ಕಲಿಸಿ “ನೀನೀಗ ಓಬವ್ವ” ಅನ್ನುವುದು ದುರ್ಗದಲ್ಲಿ ಸಲೀಸು. ಓಬವ್ವ ಹೈದರಾಲಿಯ ಸೈನ್ಯದೆದುರು ಬಯಲಲ್ಲಿ ನಿಂತವಳಲ್ಲ. ಒಬ್ಬೊಬ್ಬರೇ ತಲೆ ತಗ್ಗಿಸಿ ನುಸುಳಬೇಕಾದ ಕಿಂಡಿಯ ಪಕ್ಕ ನಿಂತಳು, ಕೈಯಲ್ಲಿ ಒನಕೆಯಿತ್ತು. ಜಾಗ, ಆಯುಧ ಎರಡೂ ಅವಳ ಕಡೆಗಿದ್ದವು. ಅದನ್ನು ಬಿಟ್ಟು ಹೆಸರೊಂದನ್ನೇ ಕೊಟ್ಟರೆ 40 ಕೆಜಿಯ ಹುಡುಗಿ 80 ಕೆಜಿಯ ಗಂಡಸಿನೆದುರು ನಿಂತುಬಿಡುತ್ತಾಳೆ. ಯಾರಾದರೂ ಕೈ ಹಿಡಿದರೆ ಬಿಡಿಸಿಕೊಳ್ಳಬೇಕಾದದ್ದು ಅವನ ಹೆಬ್ಬೆರಳಿನ ಕಡೆಯಿಂದ, ಹಿಡಿತ ಸಡಿಲ ಇರುವುದು ಅಲ್ಲೇ. ಬಿಟ್ಟ ಕ್ಷಣ ಕೂಗಬೇಕು, ಜನ ಇರುವ ಕಡೆ ಓಡಬೇಕು, ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಬೇಕು. ಓಡುವುದನ್ನೂ ಕ್ಲಾಸಿನಲ್ಲೇ ಅಭ್ಯಾಸ ಮಾಡಿಸಬೇಕು.

ಮತ್ತೆ ಮತ್ತೆ ಕಿವಿಯಲ್ಲಿ ಗುಂಯ್‌ಗುಡುವುದು ಮಾತ್ರ ಆ ಹುಡುಗನ ಮಾತಿಗೆ ಸಿಕ್ಕ ಉತ್ತರ. “ನೋಯ್ತೈತೆ” ಅಂದದ್ದಕ್ಕೆ ಗುರು “ನೋಯ್ಲಿ ಬಿಡಲೇ” ಅಂದರು, ತಾಯಿ ಹೌದೌದು ಅಂದರು. ಮುಂದಿನ ಸಲ ಅವನು ಹೇಳುವುದಿಲ್ಲ. ಮೊಣಕಾಲಿನದಷ್ಟೇ ಅಲ್ಲ, ಯಾರೋ ಮುಟ್ಟಬಾರದ ಕಡೆ ಮುಟ್ಟಿದ್ದನ್ನೂ ಹೇಳುವುದಿಲ್ಲ. ಪಟ್ಟು ಕಲಿಸಲು ಮೈ ಮುಟ್ಟಲೇಬೇಕಾದ ವಿದ್ಯೆ ಇದು. ಬಾಯಿ ಮುಚ್ಚಿ ಸಹಿಸುವ ಮಗು ಇಲ್ಲಿ ಎಲ್ಲಕ್ಕಿಂತ ಅಸುರಕ್ಷಿತ. ಹಾಗಾಗಿ ಬಾಗಿಲು ಹಾಕಿ ನಡೆಸುವ ಕ್ಲಾಸು, ತಂದೆತಾಯಿ ಕೂತು ನೋಡಬಾರದು ಅನ್ನುವ ಕ್ಲಾಸು ಬೇಡವೇ ಬೇಡ. “ಸಾಕು” ಅಂತ ಮಗು ಕೈ ತಟ್ಟಿದ ಕೂಡಲೇ ಹಿಡಿತ ಬಿಡುವ ನಿಯಮ ಮೊದಲ ದಿನವೇ ಹೇಳಿಕೊಡಬೇಕು, ಮಾಸ್ಟರಿಗೂ ಅದು ಅನ್ವಯಿಸಬೇಕು. ಮನೆಗೆ ಬಂದ ಮಗುವಿಗೆ “ಇವತ್ತು ಎಲ್ಲಿ ನೋಯ್ತು, ಯಾರ ಜೊತೆ ಪ್ರಾಕ್ಟೀಸ್ ಮಾಡಿದೆ” ಅಂತ ಕೇಳಿ. ಹೇಳಿದ್ದರಲ್ಲಿ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.