ಅನುಪಾತ ಆಮೇಲೆ, ಮೊದಲು ಜರಡಿ

ನರ್ಸರಿಯಲ್ಲಿ ಗಿಡದಿಂದ ಕತ್ತರಿಸಿದ ಕಡ್ಡಿಗಳಿಗೆ ಬೇರು ಬಿಡಿಸುವ ವಿಭಾಗದಲ್ಲಿ ನನ್ನ ಕೆಲಸ. ಹೊಸದಾಗಿ ಸೇರಿದವರು ಬಂದ ಕೂಡಲೇ ಕೇಳುವುದು ಒಂದನ್ನೇ: ಕಡ್ಡಿ ನೆಡುವ ಮಿಶ್ರಣಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎಷ್ಟು ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಾಳು) ಎಷ್ಟು ಪಾಲು? ಸಮಪಾಲು ಎನ್ನುತ್ತೇನೆ. ಅದು ಸುಳ್ಳಲ್ಲ, ಆದರೆ ಅಷ್ಟನ್ನೇ ನಂಬಿ ಕುಳಿತರೆ ಕೆಲಸ ಕೆಡುತ್ತದೆ. ಒಂದೇ ಅನುಪಾತದಲ್ಲಿ ಕಲಸಿದ ಎರಡು ರಾಶಿಗಳ ಪೈಕಿ ಒಂದರಲ್ಲಿ ಕಡ್ಡಿ ಬೇರು ಬಿಟ್ಟು, ಇನ್ನೊಂದರಲ್ಲಿ ಬುಡ ಕಪ್ಪಾಗಿ ಕೊಳೆಯುವುದುಂಟು. ಕಣಗಳ ಗಾತ್ರ ಬೇರೆಯಾದರೆ ಸಾಕು, ಮಿಶ್ರಣದ ಗುಣವೇ ಬೇರೆಯಾಗುತ್ತದೆ.

ಕತ್ತರಿಸಿದ ಕಡ್ಡಿಗೆ ಬೇರಿಲ್ಲ, ಎಲೆಗಳಿಂದ ಮಾತ್ರ ನೀರು ಆವಿಯಾಗುತ್ತಲೇ ಇರುತ್ತದೆ. ಹೀಗಾಗಿ ಬುಡದಲ್ಲಿ ತೇವ ಇರಲೇಬೇಕು. ಅದೇ ಬುಡದಲ್ಲಿ ಹೊಸ ಬೇರು ಮೂಡಬೇಕಾದರೆ ಅಲ್ಲಿನ ಜೀವಕೋಶಗಳು ಉಸಿರಾಡಬೇಕು, ಅದಕ್ಕೆ ಗಾಳಿಯೂ ಬೇಕು. ಕಣಗಳ ನಡುವಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಕಡ್ಡಿಗೆ ಉಸಿರು ಕಟ್ಟುತ್ತದೆ, ಪಿಥಿಯಂನಂತಹ ಕೊಳೆರೋಗಕಾರಕಗಳಿಗೆ ಹಬ್ಬವಾಗುತ್ತದೆ.

ತಳದಲ್ಲಿ ತೂತಿದ್ದರೆ ನೀರೆಲ್ಲ ಬಸಿದುಹೋಗುತ್ತದೆ ಎಂಬ ಭರವಸೆ ಬಹಳ ಮಂದಿಗಿದೆ. ಹೋಗುವುದಿಲ್ಲ. ನೆನೆದ ಸ್ಪಂಜನ್ನು ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತದೆ. ಯಾವ ಕುಂಡದಲ್ಲೇ ಆಗಲಿ, ಬಸಿದು ಮುಗಿದ ಮೇಲೂ ತಳದಲ್ಲಿ ಒಂದು ಪದರ ಪೂರ್ತಿ ಒದ್ದೆಯಾಗಿಯೇ ಉಳಿಯುತ್ತದೆ. ಆ ಪದರದ ಎತ್ತರವನ್ನು ನಿರ್ಧರಿಸುವುದು ಕಣದ ಗಾತ್ರ: ಪುಡಿ ನುಣ್ಣಗಾದಷ್ಟೂ ಪದರ ಎತ್ತರ. ಆಳವಿಲ್ಲದ ಟ್ರೇಯಲ್ಲಿ ಕಡ್ಡಿಯ ತುದಿ ನೇರವಾಗಿ ಅದರೊಳಗೇ ಇಳಿದಿರುತ್ತದೆ. ತಳಕ್ಕೆ ಜಲ್ಲಿ ಹಾಸುವ ಅಭ್ಯಾಸವನ್ನು ಬಿಡಿಸಲು ನಾನು ಇಂದಿಗೂ ವಾದ ಮಾಡುತ್ತೇನೆ. ಜಲ್ಲಿ ಹಾಕಿದರೆ ಒದ್ದೆ ಪದರ ಕರಗುವುದಿಲ್ಲ, ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ.

ಆದ್ದರಿಂದ ನಮ್ಮಲ್ಲಿ ಕಲಸುವುದಕ್ಕೂ ಮೊದಲು ಜರಡಿ ಹಿಡಿಯುವ ಕೆಲಸ. ಪರ್ಲೈಟ್ ಎಂದರೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅರಳಿದ ಜ್ವಾಲಾಮುಖಿ ಗಾಜು. ಸಾಗಾಟದಲ್ಲಿ ಉಜ್ಜಿ ಉಜ್ಜಿ ಚೀಲದ ತಳದಲ್ಲಿ ಬಿಳಿ ಹಿಟ್ಟು ಸೇರಿರುತ್ತದೆ. ಚೀಲ ಬಿಚ್ಚಿದೊಡನೆ ನೀರು ಚಿಮುಕಿಸಬೇಕು, ಮುಖಕ್ಕೆ ಮಾಸ್ಕ್ ಇರಬೇಕು. ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. 2 ಮಿಲಿಮೀಟರ್ ಜರಡಿಯಲ್ಲಿ ಕೆಳಗಿಳಿದದ್ದೆಲ್ಲ ಹೊರಕ್ಕೆ. ದುಡ್ಡು ಕೊಟ್ಟು ತಂದದ್ದನ್ನು ಎಸೆಯುವುದೇ ಎಂದು ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಪರ್ಲೈಟ್ ಬದಲು ಮರಳಾದರೆ ದಪ್ಪ ಕಾಳಿನದೇ ಆಗಬೇಕು. ಒಂದು ಹಿಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿದಾಗ ನೀರು ಬೇಗ ತಿಳಿಯಾಗದಿದ್ದರೆ ಅದರಲ್ಲಿ ಹೂಳಿದೆ ಎಂದರ್ಥ, ತೊಳೆಯದೆ ಬಳಸಬಾರದು. ಕೋಕೋಪೀಟಿನ ಸಮಸ್ಯೆ ಉಪ್ಪು. ನೆನೆಸಿ, ಹಿಂಡಿ, ಹೊಸ ನೀರಿನಲ್ಲಿ ಮತ್ತೆ ತೊಳೆದ ನಂತರವೇ ಅದು ರಾಶಿಗೆ ಸೇರುತ್ತದೆ.

ಇನ್ನೊಂದು ವಿಚಿತ್ರ: ಒಂದು ಬಕೆಟ್ ದಪ್ಪ ಕಣಕ್ಕೆ ಒಂದು ಬಕೆಟ್ ಸಣ್ಣ ಕಣ ಸೇರಿಸಿದರೆ ಎರಡು ಬಕೆಟ್ ಆಗುವುದಿಲ್ಲ. ಸಣ್ಣದು ದಪ್ಪದರ ಸಂದಿಯೊಳಗೆ ನುಸುಳಿ ಕೂರುತ್ತದೆ. ಕಾಣೆಯಾದ ಆ ಜಾಗವೇ ಗಾಳಿ ಇರಬೇಕಿದ್ದ ಜಾಗ.

ಕಣ್ಣಂದಾಜನ್ನು ನಾನು ನಂಬುವುದಿಲ್ಲ, ಅಳೆಯುತ್ತೇನೆ. ಒಂದು ಲೀಟರ್ ಹಿಡಿಯುವ, ನಮ್ಮ ಟ್ರೇಯಷ್ಟೇ ಆಳದ ಡಬ್ಬಿ; ತಳದ ತೂತುಗಳಿಗೆ ಟೇಪ್. ಮಿಶ್ರಣ ತುಂಬಿ, ಮೇಲ್ಮೈ ಮಿನುಗುವವರೆಗೆ ನಿಧಾನವಾಗಿ ನೀರು ಹನಿಸಿ, ಚೆನ್ನಾಗಿ ನೆನೆಯಲು ಬಿಡುತ್ತೇನೆ. ಆಮೇಲೆ ಬೋಗುಣಿಯ ಮೇಲೆ ಹಿಡಿದು ಟೇಪ್ ಕಿತ್ತರೆ ಬಸಿದು ಬಂದ ನೀರಿನಷ್ಟೇ ಜಾಗ ಗಾಳಿಗೆ ಸಿಕ್ಕಿತೆಂದು ಲೆಕ್ಕ. 200ರಿಂದ 300 ಮಿಲಿಲೀಟರ್ ಬಂದರೆ ಕಡ್ಡಿ ನೆಡಬಹುದು. 150ಕ್ಕಿಂತ ಕೆಳಗಿಳಿದರೆ ಆ ರಾಶಿ ಮತ್ತೆ ಜರಡಿಗೆ ಹೋಗುತ್ತದೆ. ಆಳ ಬೇರೆಯಾದರೆ ಅಂಕಿಯೂ ಬೇರೆಯಾಗುವುದರಿಂದ ಡಬ್ಬಿಯನ್ನು ಬದಲಾಯಿಸಬಾರದು.

ಗೊಬ್ಬರ ಬೇಡವೇ ಬೇಡ. ಬೇರೇ ಇಲ್ಲದ ಕಡ್ಡಿ ಅದನ್ನು ಉಣ್ಣುವುದು ಹೇಗೆ? ಅದರಲ್ಲಿನ ಲವಣ ಬುಡವನ್ನು ಸುಡುತ್ತದೆ, ಅರೆಕೊಳೆತ ಗೊಬ್ಬರವಾದರೆ ರೋಗವೂ ಜೊತೆಗೆ ಬರುತ್ತದೆ.

ಇಷ್ಟೆಲ್ಲ ಮಾಡಿದ್ದನ್ನು ಹಾಳುಮಾಡಲು ಒಂದು ಹೆಬ್ಬೆರಳು ಸಾಕು. ಕಡ್ಡಿ ನೆಟ್ಟು ಸುತ್ತಲೂ ಗಟ್ಟಿಯಾಗಿ ಒತ್ತುವುದು ಕೈಗೆ ಹತ್ತಿದ ಚಾಳಿ. ಒತ್ತಿದರೆ ಸಂದುಗಳು ಮುಚ್ಚಿಹೋಗುತ್ತವೆ. ಟ್ರೇಯನ್ನು ಮೇಜಿಗೆ ಮೆಲ್ಲಗೆ ತಟ್ಟಿದರೆ ಸಾಕು. ಪೆನ್ಸಿಲ್ ಗಾತ್ರದ ಕೋಲಿನಿಂದ ಗುಳಿ ಮಾಡಿ, ಬುಡಕ್ಕೆ ಹಚ್ಚಿದ, ಬೇರು ಬರಿಸುವ ಹಾರ್ಮೋನ್ ಪುಡಿ ಒರೆಸಿಹೋಗದಂತೆ ಕಡ್ಡಿ ಇಳಿಸಿ, ಮೇಲಿನಿಂದ ತುಂತುರು ನೀರು ಹಾಯಿಸಿದರೆ ಕಣಗಳು ತಾವಾಗಿ ಬಂದು ಕಡ್ಡಿಯನ್ನು ಹಿಡಿದುಕೊಳ್ಳುತ್ತವೆ. ಬೇರು ಎರಡು ಮೂರು ಸೆಂಟಿಮೀಟರ್ ಆದೊಡನೆ ಗಿಡವನ್ನು ಪೋಷಕಾಂಶವಿರುವ ಮಣ್ಣಿಗೆ ದಾಟಿಸುತ್ತೇವೆ, ಏಕೆಂದರೆ ಈ ಮಿಶ್ರಣದಲ್ಲಿ ಅದಕ್ಕೆ ತಿನ್ನಲು ಏನೂ ಇಲ್ಲ.