ಶಿಕ್ಷೆಯ ನೀತಿ ಪರಿಶೀಲಿಸುವ ಆಯೋಗದ ಅಧ್ಯಕ್ಷರು ಮೊದಲು ಮಾಡಬೇಕಾದ ಕೆಲಸ ಯಾವುದು?

ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕ್ರಿಮಿನಲ್ ಅಪೀಲುಗಳನ್ನು ನಡೆಸುತ್ತ, ಬಿಡುವಾದಾಗ ಹುಬ್ಬಳ್ಳಿಯ ಕಾನೂನು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಬಂದಿರುವ ನನಗೆ ಎರಡೂ ಕಡೆ ಎದುರಾಗುವ ಪ್ರಶ್ನೆಯೊಂದಿದೆ. ಕಕ್ಷಿದಾರರು ಅದನ್ನು ತಮ್ಮ ಮಾತಿನಲ್ಲಿ ಕೇಳುತ್ತಾರೆ: "ವಕೀಲ್ರ, ಗುನ್ನೆ ಒಂದ ಐತಿ, ಅವಗ ಬರೇ ದಂಡ ಹಾಕಿ ಬಿಟ್ರು, ನನ್ನ ಮಗಗ ವರ್ಷ ಜೇಲಂದ್ರ ಹೆಂಗ್ರೀ?" ವಿದ್ಯಾರ್ಥಿಗಳು ಅದನ್ನೇ ಮುಂದಕ್ಕೆ ಬೆಳೆಸುತ್ತಾರೆ: "ಶಿಕ್ಷೆಯ ನೀತಿಯನ್ನು ಪರಿಶೀಲಿಸುವ ಆಯೋಗ ನಮ್ಮಲ್ಲೂ ಬಂದು, ಅದರ ಅಧ್ಯಕ್ಷತೆ ನಿಮಗೇ ಸಿಕ್ಕರೆ ಮೊದಲು ಏನು ಮಾಡುತ್ತೀರಿ, ಸರ್?"

ಯಾವ ಅಪರಾಧಕ್ಕೆ ಎಷ್ಟು ವರ್ಷ ಎಂಬ ಕೋಷ್ಟಕ ಹಾಕುತ್ತೇನೆ ಎಂಬ ಉತ್ತರವನ್ನು ಹೆಚ್ಚಿನವರು ನಿರೀಕ್ಷಿಸುತ್ತಾರೆ. ನನ್ನ ಉತ್ತರ ಬೇರೆ. ಅಂಥ ಆಯೋಗದ ಅಧ್ಯಕ್ಷರು ಮೊದಲ ವರ್ಷ ಒಂದು ಮಾರ್ಗಸೂಚಿಯನ್ನೂ ಹೊರಡಿಸಬಾರದು. ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳು ಇಂದು ಶಿಕ್ಷೆಯನ್ನು ಹೇಗೆ ನಿಗದಿ ಮಾಡುತ್ತಿವೆ ಎಂಬುದನ್ನು ಆದೇಶಗಳನ್ನೇ ತರಿಸಿ ಓದಬೇಕು, ಓದಿದ್ದನ್ನು ಸಾರ್ವಜನಿಕರ ಮುಂದಿಡಬೇಕು.

ಇದಕ್ಕೆ ಕಾರಣ ಹೇಳಲು ನಮ್ಮ ಊರಿಗೆ ಹತ್ತಿರವಾದ ಅಪರಾಧವನ್ನೇ ತೆಗೆದುಕೊಳ್ಳುತ್ತೇನೆ. ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸ್ ವರ್ಷಾನುಗಟ್ಟಲೆ ಎರಡೇ ಪಥದ ರಸ್ತೆಯಾಗಿದ್ದು ಎಷ್ಟು ಜೀವ ತೆಗೆದಿದೆ ಎಂಬುದು ಇಲ್ಲಿನ ಪ್ರತಿ ಮನೆಗೂ ಗೊತ್ತು. ನಿರ್ಲಕ್ಷ್ಯದ ಚಾಲನೆಯಿಂದ ಸಾವು ಸಂಭವಿಸಿದರೆ ಹಳೆಯ ದಂಡ ಸಂಹಿತೆಯ ಕಲಂ 304ಎ ಅಡಿ ಎರಡು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡನ್ನೂ ವಿಧಿಸಬಹುದಿತ್ತು. ಪಂಜಾಬಿನಿಂದ ಸುಪ್ರೀಂ ಕೋರ್ಟಿಗೆ ಹೋದ ಇಂಥದೇ ಪ್ರಕರಣವೊಂದು, ಸೌರಭ್ ಬಕ್ಷಿ ಪ್ರಕರಣ, 2015ರಲ್ಲಿ ತೀರ್ಮಾನವಾಯಿತು. ಇಬ್ಬರು ಸತ್ತಿದ್ದ ಆ ಅಪಘಾತಕ್ಕೆ ವಿಚಾರಣಾ ನ್ಯಾಯಾಲಯ ಒಂದು ವರ್ಷದ ಜೈಲು ವಿಧಿಸಿತ್ತು. ಮೃತರ ಕುಟುಂಬಕ್ಕೆ ಪರಿಹಾರ ಸಂದಿದ್ದನ್ನು ಗಣನೆಗೆ ತೆಗೆದುಕೊಂಡ ಹೈಕೋರ್ಟ್ ಆರೋಪಿ ಅದಾಗಲೇ ಕಳೆದಿದ್ದ 24 ದಿನಗಳೇ ಸಾಕೆಂದಿತು. ಸುಪ್ರೀಂ ಕೋರ್ಟ್ ಅದನ್ನು ಆರು ತಿಂಗಳಿಗೆ ಏರಿಸಿ, 304ಎ ಅಡಿಯ ಶಿಕ್ಷೆಯ ನೀತಿಯನ್ನು ಶಾಸನ ರೂಪಿಸುವವರು ಮರುಪರಿಶೀಲಿಸಬೇಕೆಂದು ಬರೆಯಿತು. ಅಪಘಾತ ಒಂದೇ, ಸಾಕ್ಷ್ಯವೂ ಒಂದೇ, ಆದರೆ ಮೂರು ನ್ಯಾಯಾಲಯಗಳಲ್ಲಿ ಮೂರು ಶಿಕ್ಷೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1) ಗರಿಷ್ಠ ಮಿತಿಯನ್ನು ಐದು ವರ್ಷಕ್ಕೆ ಏರಿಸಿದೆ. ಶಾಸಕಾಂಗ ಮಿತಿಯನ್ನು ಎತ್ತರಿಸಿದೆಯೇ ಹೊರತು, ಒಂದು ದಿನದಿಂದ ಐದು ವರ್ಷದವರೆಗಿನ ಆ ಬಯಲಿನಲ್ಲಿ ನ್ಯಾಯಾಧೀಶರು ಎಲ್ಲಿ ನಿಲ್ಲಬೇಕು ಎಂಬುದನ್ನು ಹೇಳಿಲ್ಲ.

ಆ ಬಯಲಿನಲ್ಲಿ ಇಂದು ನಡೆಯುವುದು ಏನು ಎಂಬುದನ್ನು ತಿಳಿಯಬೇಕಾದರೆ ತೀರ್ಪಿನ ಕೊನೆಯ ಪುಟಕ್ಕೆ ಹೋಗಬೇಕು. ಅಪರಾಧಿಯೆಂದು ತೀರ್ಮಾನಿಸಿದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯನ್ನು ಪ್ರತ್ಯೇಕವಾಗಿ ಕೇಳಬೇಕು ಎಂಬ ನಿಯಮ 1973ರ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 235(2)ರಲ್ಲಿತ್ತು, ಈಗ ಅದರ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 258(2)ರಲ್ಲಿದೆ. ಅದು ಬರೀ ಔಪಚಾರಿಕತೆಯಲ್ಲ, ಶಿಕ್ಷೆಗೆ ಸಂಬಂಧಿಸಿದ ಸಂಗತಿಗಳನ್ನು ಮುಂದಿಡಲು ಎರಡೂ ಕಡೆಯವರಿಗೆ ನಿಜವಾದ ಅವಕಾಶ ಸಿಗಬೇಕು ಎಂದು ಸಾಂತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿತು. ಆದರೆ ನಾವು ಅಪೀಲಿಗೆ ತರುವ ತೀರ್ಪುಗಳಲ್ಲಿ ಆ ಭಾಗ ಸಾಮಾನ್ಯವಾಗಿ ಹೀಗಿರುತ್ತದೆ: ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯನ್ನು ಕೇಳಲಾಯಿತು, ತಾನು ಮನೆಯಲ್ಲಿ ದುಡಿಯುವ ಏಕೈಕ ವ್ಯಕ್ತಿಯೆಂದೂ, ವಯಸ್ಸಾದ ತಂದೆತಾಯಿ ಇದ್ದಾರೆಂದೂ, ಕರುಣೆ ತೋರಬೇಕೆಂದೂ ಆತ ಕೋರಿದನು, ಸಮಾಜಕ್ಕೆ ಸಂದೇಶ ಹೋಗುವಂತೆ ಗರಿಷ್ಠ ಶಿಕ್ಷೆ ವಿಧಿಸಬೇಕೆಂದು ಸರ್ಕಾರಿ ಅಭಿಯೋಜಕರು ವಾದಿಸಿದರು, ಪ್ರಕರಣದ ಸಂಗತಿ-ಸನ್ನಿವೇಶಗಳನ್ನು ಪರಿಗಣಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ. ಯಾವ ಸಂಗತಿ, ಯಾವ ಸನ್ನಿವೇಶ ಎಂಬುದು ಅಲ್ಲಿ ಇರುವುದಿಲ್ಲ. ನಲವತ್ತು ಪುಟಗಳ ತೀರ್ಪಿನಲ್ಲಿ ಪಂಚನಾಮೆಯ ಸಹಿಯ ಬಗ್ಗೆ ಮೂರು ಪುಟ ಚರ್ಚೆ ಇದ್ದು, ಒಬ್ಬ ಮನುಷ್ಯನ ಮುಂದಿನ ಐದು ವರ್ಷಗಳ ಬಗ್ಗೆ ಐದು ಸಾಲು ಇದ್ದರೆ ಅಪೀಲು ನ್ಯಾಯಾಲಯಕ್ಕೆ ಪರಿಶೀಲಿಸಲು ಏನೂ ಉಳಿಯುವುದಿಲ್ಲ. ಕಾರಣವೇ ಇಲ್ಲದ ಕಡೆ ಕಾರಣ ತಪ್ಪೆಂದು ವಾದಿಸುವುದಾದರೂ ಹೇಗೆ?

ಇದನ್ನು ಮ್ಯಾಜಿಸ್ಟ್ರೇಟರ ಮೇಲಿನ ದೂರೆಂದು ಯಾರೂ ತಿಳಿಯಬಾರದು. ಹಾವೇರಿಯಲ್ಲೋ ಗದಗಿನಲ್ಲೋ ಒಂದೇ ದಿನ ಹತ್ತಾರು ಪ್ರಕರಣಗಳನ್ನು ಕೂಗಿಸುವ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ಅಂದರೆ ಜೆಎಂಎಫ್‌ಸಿ ನ್ಯಾಯಾಧೀಶರ ಮುಂದೆ ಆರೋಪಿಯ ಬದುಕಿನ ಬಗ್ಗೆ ವರದಿ ತಂದಿಡುವವರು ಇರುವುದಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ ಕಲಂ 6ರ ಪ್ರಕಾರ, ಜೀವಾವಧಿ ಶಿಕ್ಷೆಗೆ ಗುರಿಯಾಗುವಂಥ ಅಪರಾಧವನ್ನು ಬಿಟ್ಟು ಉಳಿದವುಗಳಲ್ಲಿ, 21 ವರ್ಷದೊಳಗಿನವರನ್ನು ಅನಿವಾರ್ಯವೆಂದು ಮನವರಿಕೆಯಾಗದ ಹೊರತು ಜೈಲಿಗೆ ಕಳುಹಿಸುವಂತಿಲ್ಲ. ಕಳುಹಿಸುವುದಾದರೆ ಕಾರಣ ಬರೆಯಬೇಕು, ಅದಕ್ಕೂ ಮುನ್ನ ಪರಿವೀಕ್ಷಣಾಧಿಕಾರಿಯ ವರದಿ ತರಿಸಬೇಕು. ಈ ಕಲಮನ್ನು ನ್ಯಾಯಾಲಯದ ಗಮನಕ್ಕೆ ತರಬೇಕಾದವರು ವಕೀಲರಾದ ನಾವು. ಆಯೋಗದ ಅಧ್ಯಕ್ಷರು ಮೂರು-ನಾಲ್ಕು ಜಿಲ್ಲೆಗಳ ಆದೇಶಗಳನ್ನು ತರಿಸಿ, 21ರೊಳಗಿನ ಎಷ್ಟು ಹುಡುಗರು ಆ ವರದಿಯಿಲ್ಲದೆಯೇ ಧಾರವಾಡದ ಕೇಂದ್ರ ಕಾರಾಗೃಹಕ್ಕೋ ಬೆಳಗಾವಿಯ ಹಿಂಡಲಗಾ ಜೈಲಿಗೋ ಹೋದರು ಎಂಬ ಒಂದು ಲೆಕ್ಕವನ್ನು ಪ್ರಕಟಿಸಿದರೂ ಅದು ಯಾವ ಮಾರ್ಗಸೂಚಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಇಂಥ ಆಯೋಗದ ಮಾತು ಹೊಸದಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠ ಅವರ ಸಮಿತಿ 2003ರ ವರದಿಯಲ್ಲಿ, ಶಿಕ್ಷೆಯ ಮಾರ್ಗಸೂಚಿ ರೂಪಿಸಲು ಶಾಸನಬದ್ಧ ಸಮಿತಿ ಬೇಕೆಂದು ಶಿಫಾರಸು ಮಾಡಿತ್ತು. 2024ರಲ್ಲಿ ಬಿಹಾರದ ಸುನೀತಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಜ್ಞರ ಆಯೋಗದಿಂದ ವರದಿ ಪಡೆದು ಸಮಗ್ರ ಶಿಕ್ಷಾ ನೀತಿ ತರುವುದನ್ನು ಪರಿಗಣಿಸುವಂತೆ ಕೇಂದ್ರಕ್ಕೆ ಹೇಳಿತು. ಎರಡು ದಶಕಗಳ ಅಂತರದಲ್ಲಿ ಮಾತು ಅದೇ ಜಾಗದಲ್ಲಿದೆ.

ಸದ್ಯಕ್ಕೆ ಈ ಕೆಲಸದ ಒಂದು ಪಾಲು, ಕಾನೂನು ಸುಧಾರಣೆಯ ಬಗ್ಗೆ ಕೇಂದ್ರಕ್ಕೆ ಸಲಹೆ ಕೊಡುವ ಕಾನೂನು ಆಯೋಗದ ಮೇಲೆ ಬೀಳುತ್ತದೆ, ಮತ್ತು ಅದರಲ್ಲಿ ಧಾರವಾಡಕ್ಕೂ ಒಂದು ಪಾತ್ರವಿದೆ. ಹದಿನೇಳರ ಹುಡುಗಿ ತಾನು ಮೆಚ್ಚಿದವನೊಂದಿಗೆ ಹೋಗಿ, ಮುಂದೆ ಮದುವೆಯಾಗಿ ಮಕ್ಕಳನ್ನೂ ಪಡೆದ ಪ್ರಕರಣವೊಂದರಲ್ಲಿ ಆರೋಪಿಯ ಖುಲಾಸೆಯನ್ನು ಎತ್ತಿಹಿಡಿದ ಧಾರವಾಡ ಪೀಠ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ವಯೋಮಿತಿಯನ್ನು ಕಾನೂನು ಆಯೋಗ ಮರುಚಿಂತಿಸಬೇಕೆಂದು 2022ರ ನವೆಂಬರಿನಲ್ಲಿ ಹೇಳಿತು. ಅದನ್ನು ಆಧರಿಸಿ ಆಯೋಗ 2023ರ ಸೆಪ್ಟೆಂಬರಿನಲ್ಲಿ 283ನೆಯ ವರದಿ ಕೊಟ್ಟಿತು. ವಯಸ್ಸನ್ನು 18ರಿಂದ ಇಳಿಸಬಾರದು. ಆದರೆ 16ರಿಂದ 18ರ ನಡುವಿನ, ಹುಡುಗಿಯ ಮೌನ ಸಮ್ಮತಿ ಕಾಣುವ ಪ್ರಕರಣಗಳಲ್ಲಿ ಶಿಕ್ಷೆಯ ಮಟ್ಟಿಗೆ ನ್ಯಾಯಾಧೀಶರಿಗೆ ನಿಯಮಬದ್ಧ ವಿವೇಚನೆ ಇರಬೇಕು ಎಂಬುದು ಅದರ ಸಾರ. 2019ರ ತಿದ್ದುಪಡಿಯ ನಂತರ ಆ ಕಾಯ್ದೆಯಲ್ಲಿ ಲೈಂಗಿಕ ಸಂಪರ್ಕಕ್ಕೆ ಕನಿಷ್ಠ ಶಿಕ್ಷೆ 10 ವರ್ಷ. ಹುಡುಗಿ ಗರ್ಭಿಣಿಯಾಗಿದ್ದರೆ ಕಲಂ 6 ಅಡಿ ಕನಿಷ್ಠ 20 ವರ್ಷ. ಕನಿಷ್ಠ ಶಿಕ್ಷೆ ಗೊತ್ತಾದ ಕಡೆ ವಿವೇಚನೆ ಮಾಯವಾಗುವುದಿಲ್ಲ, ಅದು ನ್ಯಾಯಾಧೀಶರ ಪೀಠದಿಂದ ಆರೋಪಪಟ್ಟಿಗೆ ಯಾವ ಕಲಂ ಹಾಕಬೇಕೆಂದು ನಿರ್ಧರಿಸುವ ಠಾಣೆಗೆ ದಾಟುತ್ತದೆ. ಇದನ್ನು ಸಂಸತ್ತಿಗೆ ಲಿಖಿತವಾಗಿ, ಆಧಾರ ಸಮೇತ ತಿಳಿಸುವುದು ಅಧ್ಯಕ್ಷರ ಕರ್ತವ್ಯ, ಕೇಳುವವರಿಗೆ ರುಚಿಸಲಿ ಬಿಡಲಿ.

ರುಚಿಸದಿದ್ದಾಗ ಏನಾಗುತ್ತದೆ ಎಂಬುದನ್ನು ಬೇರೆ ದೇಶಗಳು ತೋರಿಸಿವೆ. ಅಮೆರಿಕದಲ್ಲಿ 5 ಗ್ರಾಂ ಕ್ರ್ಯಾಕ್ ಕೊಕೇನಿಗೆ ಸಿಗುತ್ತಿದ್ದ ಐದು ವರ್ಷದ ಕನಿಷ್ಠ ಶಿಕ್ಷೆ ಪುಡಿ ಕೊಕೇನಿನಲ್ಲಿ 500 ಗ್ರಾಂಗೆ ಸಿಗುತ್ತಿತ್ತು. ಅಲ್ಲಿನ ಶಿಕ್ಷಾ ಆಯೋಗ 1995ರಲ್ಲಿ ಎರಡನ್ನೂ ಸಮವಾಗಿ ಕಾಣುವ ಪ್ರಸ್ತಾವ ಕಳುಹಿಸಿದಾಗ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಅದನ್ನು ತಳ್ಳಿಹಾಕಿತು. ಆಯೋಗ ಅಂಕಿಅಂಶ ಸಂಗ್ರಹಿಸುವುದನ್ನೂ ವರದಿ ಬರೆಯುವುದನ್ನೂ ಬಿಡಲಿಲ್ಲ; 2010ರಲ್ಲಿ ಕಾನೂನು ಬದಲಾಗಿ 100ಕ್ಕೆ 1 ಇದ್ದ ಅನುಪಾತ 18ಕ್ಕೆ 1 ಆಯಿತು. ಇಂಗ್ಲೆಂಡಿನ ಶಿಕ್ಷಾ ಮಂಡಳಿಯ ಕಥೆ ಇನ್ನೂ ಹಸಿಯಾಗಿದೆ. ಶಿಕ್ಷೆ ವಿಧಿಸುವ ಮುನ್ನ ಯಾರ ಬಗ್ಗೆ ವರದಿ ತರಿಸಿಕೊಳ್ಳಬೇಕು ಎಂಬ ಮಾರ್ಗಸೂಚಿಯಲ್ಲಿ ಅಲ್ಪಸಂಖ್ಯಾತ ಸಮುದಾಯಗಳನ್ನು ಹೆಸರಿಸಿದ್ದಕ್ಕೆ ಸರ್ಕಾರ ಆಕ್ಷೇಪಿಸಿತು. ಮೊದಲು ಒಪ್ಪದ ಮಂಡಳಿ 2025ರ ಏಪ್ರಿಲ್ 1ರಂದು ಜಾರಿಯಾಗಬೇಕಿದ್ದ ಅದನ್ನು ಕೊನೆಗೆ ತಡೆಹಿಡಿಯಿತು, ಸಂಸತ್ತು ಅಂಥ ಮಾರ್ಗಸೂಚಿಯನ್ನು ತಡೆಯುವ ಕಾಯ್ದೆಯನ್ನೇ ಮಾಡಿತು. ಮಂಡಳಿಯ ಆಶಯ ಸರಿಯಿತ್ತೆಂದೇ ನಾನು ತಿಳಿದಿದ್ದೇನೆ. ಆದರೆ ಜನಪ್ರತಿನಿಧಿಗಳಿಗೂ ಸಾರ್ವಜನಿಕರಿಗೂ ಕಾರಣಗಳನ್ನು ಮುಂಚಿತವಾಗಿ, ಸರಳವಾಗಿ ವಿವರಿಸುವುದೂ ಅಧ್ಯಕ್ಷರ ಕೆಲಸದ ಭಾಗವೇ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಇನ್ನು ಕುರ್ಚಿ ಖಾಲಿ ಬಿಡುವ ವಿಚಾರ. ನಮ್ಮ ಕಾನೂನು ಆಯೋಗದ ಅಧ್ಯಕ್ಷ ಸ್ಥಾನ 2018ರ ಆಗಸ್ಟಿನಿಂದ 2022ರ ನವೆಂಬರಿನವರೆಗೆ ಖಾಲಿ ಇತ್ತು. ಅಮೆರಿಕದ ಆಯೋಗಕ್ಕೂ 2019ರಿಂದ 2022ರವರೆಗೆ ಕೋರಂ (ತೀರ್ಮಾನಕ್ಕೆ ಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ) ಇಲ್ಲದೆ ಒಂದು ತಿದ್ದುಪಡಿಯನ್ನೂ ಮಾಡಲಾಗಲಿಲ್ಲ. ಆದ್ದರಿಂದ ಆಯೋಗ ಶಾಸನಬದ್ಧವಾಗಿರಬೇಕು, ಅಧ್ಯಕ್ಷರ ಅವಧಿ ಮುಗಿಯುವ ಮೊದಲೇ ಮುಂದಿನವರ ನೇಮಕ ಆಗಬೇಕು ಎಂಬುದನ್ನು ಕಾಯ್ದೆಯಲ್ಲೇ ಬರೆಯಬೇಕು.

ಯಾರು ಅಧ್ಯಕ್ಷರಾಗಬೇಕು ಎಂಬುದಕ್ಕೆ ಮಳಿಮಠ ಸಮಿತಿಯ ಉತ್ತರ ನನಗೆ ಬಹುಮಟ್ಟಿಗೆ ಒಪ್ಪಿಗೆ: ಕ್ರಿಮಿನಲ್ ಕಾನೂನಿನ ಅನುಭವವುಳ್ಳ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅಥವಾ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ. ಸದಸ್ಯರಾಗಿ ಅಭಿಯೋಜನೆ, ವಕೀಲಿ ವೃತ್ತಿ, ಪೊಲೀಸ್, ಸಮಾಜ ವಿಜ್ಞಾನ ಮತ್ತು ಮಹಿಳೆಯರ ಪ್ರತಿನಿಧಿಗಳನ್ನು ಸಮಿತಿ ಸೂಚಿಸಿತ್ತು. ಆ ಪಟ್ಟಿಯಲ್ಲಿ ಜೈಲು ಇಲಾಖೆಯವರೂ ಇಲ್ಲ, ದಿನವೂ ಶಿಕ್ಷೆ ವಿಧಿಸುವ ಮ್ಯಾಜಿಸ್ಟ್ರೇಟರೂ ಇಲ್ಲ. ಇಂಗ್ಲೆಂಡಿನಲ್ಲಿ ಮಂಡಳಿಯ 14 ಸದಸ್ಯರಲ್ಲಿ 8 ಮಂದಿ ನ್ಯಾಯಾಂಗದವರು, ಅವರಲ್ಲಿ ಕೆಳಹಂತದ ಮ್ಯಾಜಿಸ್ಟ್ರೇಟರು ಇರಲೇಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮಲ್ಲೂ ಅದು ಬೇಕು.

ಎರಡನೆಯ ವರ್ಷದ ಮೊದಲ ಮಾರ್ಗಸೂಚಿ ಯಾವುದಿರಲಿ ಎಂದು ಕೇಳಿದರೆ ಸಮುದಾಯ ಸೇವೆಯ ಬಗ್ಗೆ ಇರಲಿ ಎನ್ನುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರಂತೆ ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಮೊದಲ ಸಲ ಅಪರಾಧಿಯಾದವನು ಅದನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಶಿಕ್ಷೆ ಜೈಲಲ್ಲ, ಸಮುದಾಯ ಸೇವೆ. ಎಷ್ಟು ಗಂಟೆ, ಎಲ್ಲಿ, ಯಾರ ನಿಗಾದಲ್ಲಿ, ಬರದಿದ್ದರೆ ಮುಂದೇನು ಎಂಬುದನ್ನು ಆ ಕಲಂ ಹೇಳುವುದಿಲ್ಲ. ಹುಬ್ಬಳ್ಳಿಯ ಹುಡುಗನಿಗೆ ಎರಡು ದಿನ ಆಸ್ಪತ್ರೆಯ ಅಂಗಳ ಗುಡಿಸುವ ಕೆಲಸವಾಗಿ, ರಾಣೆಬೆನ್ನೂರಿನ ಹುಡುಗನಿಗೆ ಅದೇ ತಪ್ಪಿಗೆ ಎರಡು ತಿಂಗಳಾಗಬಾರದು. ದಿನಗೂಲಿಯವನ ದುಡಿಮೆಗೆ ಕತ್ತರಿ ಬೀಳದಂತೆ ರಜಾದಿನಗಳಲ್ಲಿ ಸೇವೆ ಹಾಕುವುದು, ಹಾಜರಿಯನ್ನು ಪರಿವೀಕ್ಷಣಾಧಿಕಾರಿ ನೋಡಿಕೊಳ್ಳುವುದು, ಗಂಟೆಗಳಿಗೆ ಕೆಳಗಿನ ಮತ್ತು ಮೇಲಿನ ಮಿತಿ ಹಾಕಿ ಅದನ್ನು ಮೀರುವ ನ್ಯಾಯಾಧೀಶರು ಕಾರಣ ಬರೆಯುವುದು, ಇಷ್ಟನ್ನು ಎರಡು ಪುಟಗಳಲ್ಲಿ ಕನ್ನಡದಲ್ಲೇ ಬರೆದು ರಾಜ್ಯದ ಪ್ರತಿ ಜೆಎಂಎಫ್‌ಸಿ ನ್ಯಾಯಾಲಯಕ್ಕೂ ಕಳುಹಿಸಬಹುದು.